ಹಾಡು ಒಪ್ಪಿಸುವ ಬೆಂಚು

ಆಟ ಬಿಟ್ಟು, ಊರೆಲ್ಲ ಮಲಗಿ ಬಹಳ ಹೊತ್ತಾಗಿತ್ತು. ನನ್ನ ಕಿಟಕಿಯ ಕೆಳಗೆ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದ ಸದ್ದು ಕೇಳಿತು. ಒಂದೇ ಒಂದು ಸಾಲಿನಷ್ಟು. ಆಮೇಲೆ ಚಪ್ಪಲಿಯ ಸಪ್ಪಳ ಹಳೇ ಪೇಟೆಯ ಕಡೆಗೆ ಹೋಯಿತು. ನಾನಿರುವುದು ಥಿಯೇಟರಿನ ಟಿಕೆಟ್ ಕೋಣೆಯ ಮೇಲಿನ ಮಾಳಿಗೆಯಲ್ಲಿ. ಎದ್ದು ಕಿಟಕಿಗೆ ಬರುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಆದರೆ ಆ ಸಾಲು ಯಾವುದೆಂದು ನನಗೆ ಅನುಮಾನವಿರಲಿಲ್ಲ. ಅದು ನಮ್ಮ ನಾಟಕದ ದೀಪದ ಹಾಡು. ಹಾಡು ಊರು ಬಿಟ್ಟು ಹೋಗಿಲ್ಲ, ಬೆಳಿಗ್ಗೆ ಬಂದೇ ಬರುತ್ತದೆ ಅಂದುಕೊಂಡು ಮಲಗಿದೆ. ನನಗೆ ನಿದ್ದೆ ಸುಲಭಕ್ಕೆ ಹತ್ತುವುದಿಲ್ಲ, ಅವತ್ತು ಹತ್ತಿತು.

ನಮ್ಮೂರಿನ ರಂಗದ ಮೇಲೆ ಹಾಡಿದ ಹಾಡು ಹಾಡಿದವರ ಬಳಿ ಉಳಿಯುವುದಿಲ್ಲ. ಪರದೆ ಬಿದ್ದ ಮೇಲೆ, ಟಿಕೆಟ್ ತೆಗೆಸಿ ಕೂತವರಲ್ಲಿ ಯಾರಾದರೊಬ್ಬರ ಜೊತೆ ಅದು ಮನೆಗೆ ಹೋಗುತ್ತದೆ. ಹಾಡಿದವರಿಗೆ ಮಾತು ನೆನಪಿರುತ್ತದೆ, ಧಾಟಿ ಇರುವುದಿಲ್ಲ. ಹಾರ್ಮೋನಿಯಂ ನುಡಿಸಿದ ಮಾಸ್ತರರ ಬೆರಳಿಗೂ ಇರುವುದಿಲ್ಲ. ಹಾಡು ಯಾರ ಜೊತೆ ಹೋಗಿದೆಯೋ ಅವರು ಮಾರನೆಯ ಬೆಳಿಗ್ಗೆ ಥಿಯೇಟರಿನ ಪಕ್ಕದ ಬಾಗಿಲಿಗೆ ಬಂದು, ಅಲ್ಲಿ ಹಾಕಿರುವ ಬೆಂಚಿನ ಮೇಲೆ ಕೂತು, ನಟಿಯ ಮುಖ ನೋಡುತ್ತ ಹಾಡಿ ಒಪ್ಪಿಸುತ್ತಾರೆ. ಒಪ್ಪಿಸಿದ ಕೂಡಲೇ ಅವರಿಂದ ಅದು ಹೋಗಿಬಿಡುತ್ತದೆ. ಕಂಪನಿಯ ಕಡೆಯಿಂದ ಅವರಿಗೆ ಉಪ್ಪಿಟ್ಟು, ಚಹಾ. ಎಂಥ ಅಪಸ್ವರದಲ್ಲಿ ಒಪ್ಪಿಸಿದರೂ ಸರಿ, ನಟಿಯ ಗಂಟಲಿಗೆ ತಲುಪುವಷ್ಟರಲ್ಲಿ ಹಾಡು ನೆಟ್ಟಗಾಗಿರುತ್ತದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರಿಗೆ ಮಾತ್ರ ಏನೂ ದಕ್ಕುವುದಿಲ್ಲ. ಬೀದಿಯ ತಿರುವು ದಾಟಿದರೆ ಮರೆತುಹೋಗುತ್ತದೆ. ಮೊಬೈಲಿನಲ್ಲಿ ಹಿಡಿದರೆ ಬರೀ ಫ್ಯಾನಿನ ಸದ್ದು. ಮುಖ ನೋಡಿ 'ಹಾಡು ಒಪ್ಪಿಸವ್ವಾ' ಎಂದು ಕೇಳಿದರೆ ಇಲ್ಲವೆಂದವರು ನಮ್ಮೂರಲ್ಲಿ ಇದುವರೆಗೆ ಯಾರೂ ಇಲ್ಲ.

ಒನ್ಸ್ ಮೋರ್ ಬಿದ್ದ ರಾತ್ರಿ ಹಾಡು ಎರಡಾಗುತ್ತಿತ್ತು. ಪಲ್ಲವಿ ಒಬ್ಬರ ಮನೆಗೆ, ಚರಣ ಇನ್ನೊಬ್ಬರ ಮನೆಗೆ. ಹಾಗೆ ಬೆಳಿಗ್ಗೆ ಬೆಂಚಿನ ಮೇಲೆ ಅಕ್ಕಪಕ್ಕ ಕೂತು, ಆಮೇಲೆ ಮದುವೆಯಾದವರು ನಮ್ಮೂರಲ್ಲಿ ಇದ್ದಾರೆ. ಒನ್ಸ್ ಮೋರ್ ಎಂಬ ಕೂಗು ಕೇಳಿ ಈಗ ವರ್ಷಗಳಾದವು.

ನಾನು ಈ ಕಂಪನಿಯ ಮ್ಯಾನೇಜರ್. ಹೊರಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು ಬಂದವಳು ತಂದೆಯ ಕೆಲಸಕ್ಕೇ ಕೂತೆ. ನಾಟಕ ಆರಿಸುವುದು, ಪಾತ್ರ ಹಂಚುವುದು, ಹರಿದ ಪರದೆಗೆ ತೇಪೆ ಹಾಕಿಸುವುದು, ಆಟೋಗೆ ಮೈಕ್ ಕಟ್ಟಿ ಊರಲ್ಲಿ ಕೂಗಿಸುವುದು, ಮುನಿಸಿಕೊಂಡ ತಬಲಾದವರನ್ನು ಮನೆಗೆ ಹೋಗಿ ಕರೆತರುವುದು, ಎಲ್ಲವೂ ನನ್ನದೇ. ಇವೆಲ್ಲಕ್ಕಿಂತ ದೊಡ್ಡ ಕೆಲಸ, ಪರದೆಯ ತೂತಿನಿಂದ ಜನರನ್ನು ನೋಡುವುದು. ಹಾಡು ಯಾರ ಜೊತೆ ಹೋಗುತ್ತದೆ ಎಂಬುದನ್ನು ನಾನು ಕಾಲು ನೋಡಿ ಹೇಳುತ್ತೇನೆ. ತಾಳಕ್ಕೆ ಕುಣಿಯುತ್ತಿದ್ದ ಪಾದ ಒಮ್ಮೆಲೇ ನಿಂತರೆ ಹಾಡು ಅಲ್ಲಿ ಇಳಿಯಿತೆಂದು ಅರ್ಥ. ಅವರು ಬೆಳಿಗ್ಗೆ ಬರದಿದ್ದರೆ ನಾನೇ ಮನೆಗೆ ಹೋಗುತ್ತೇನೆ. ಪರದೆಯ ಹಿಂದಿನವರಿಗೆ ಹಾಡು ಬರುವುದಿಲ್ಲ. ನನಗೆ ಇಲ್ಲಿಯವರೆಗೆ ಒಂದೂ ಬಂದಿಲ್ಲ. ಒಂದು ದಿನ ರಜೆ ಹಾಕಿ, ಟಿಕೆಟ್ ತೆಗೆಸಿ ಕೂಡಬಹುದಿತ್ತು. ಕೂತಿಲ್ಲ. ಕೂತೂ ಬಾರದಿದ್ದರೆ ಎಂಬ ಅಂಜಿಕೆ.

ಜನ ಕಡಿಮೆಯಾದರು. ಮನೆಯೊಳಗೇ ಎಲ್ಲ ಸಿಗುವಾಗ ಯಾರು ಬರುತ್ತಾರೆ ಎಂದು ಹೇಳುವುದು ಸುಲಭ. ನನಗೆ ಅಷ್ಟೇ ಕಾರಣ ಅನ್ನಿಸುವುದಿಲ್ಲ. ಹಾಡು ಬಂದರೆ ಬೆಳಿಗ್ಗೆ ಎದ್ದು ಒಪ್ಪಿಸಲು ಬರಬೇಕು. ಅಷ್ಟು ಪುರುಸೊತ್ತು ಯಾರಿಗೂ ಉಳಿದಿಲ್ಲ. ಸುತ್ತಲಿನ ಕಂಪನಿಗಳೆಲ್ಲ ಹಾಡು ಬಿಟ್ಟವು. ಅತ್ತೆ, ಅಳಿಯ, ಕುಡುಕ, ಎರಡರ್ಥದ ಮಾತು, ಇಷ್ಟರಲ್ಲೇ ಆಟ ಮುಗಿಸುತ್ತವೆ. ನಮ್ಮ ಮಾಲಕರು ಚನ್ನಮಲ್ಲಪ್ಪನವರು ಕೆಟ್ಟವರಲ್ಲ, ದಣಿದಿದ್ದರು. ಬೇರೆ ಯಾವುದೋ ಊರಿನ ಸ್ಟುಡಿಯೋದಲ್ಲಿ ಯಾರೋ ಅದೇ ಮಾತಿಗೆ ಬೇರೆ ಧಾಟಿ ಹಾಕಿ ಹಾಡಿದ ಅದೇ ನಾಟಕದ ಹಾಡುಗಳನ್ನು ಪೆನ್‌ಡ್ರೈವ್‌ನಲ್ಲಿ ತರಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆ ಹಾಡು ಯಾರ ಜೊತೆಗೂ ಹೋಗುವುದಿಲ್ಲ. ಇದ್ದಲ್ಲೇ ಇರುತ್ತದೆ.

ಗುನುಗು ಕೇಳಿದ ಮಾರನೆಯ ಬೆಳಿಗ್ಗೆ ಪತ್ತಾರರ ಮನೆಯ ಮುದುಕರು ಬಂದು ಹಾಸ್ಯದ ಹಾಡು ಒಪ್ಪಿಸಿದರು. ಬ್ಯಾಂಕಿನ ಗುಮಾಸ್ತೆ ಹೆಂಗಸು ಆಫೀಸಿಗೆ ತಡವಾಗುತ್ತದೆಂದು ನಿಂತುಕೊಂಡೇ ನಾಂದಿ ಒಪ್ಪಿಸಿ ಓಡಿದಳು. ದೀಪದ ಹಾಡು ಬರಲಿಲ್ಲ. ಅದನ್ನು ಹಾಡುವ ನೀಲಗಂಗಾ ಬೆಂಚಿನ ಎದುರು ಕುರ್ಚಿಯಲ್ಲಿ ಕೂತು, ನಿನ್ನೆಯ ಬಣ್ಣ ಕಿವಿಯ ಹಿಂದೆ ಉಳಿದದ್ದನ್ನು ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಆದರೂ ನನ್ನನ್ನು ಬಾಯಾರ ಎಂದೇ ಕರೆಯುತ್ತಾಳೆ.

"ಎಷ್ಟೊತ್ತು ಆ ಬಾಗಲಾ ನೋಡ್ತೀರಿ ಬಾಯಾರ? ನಾಚ್ಕೊಂಡು ತಾನ ಮುಚ್ಕೊಂಡೀತು."

"ಬರಬೇಕಿತ್ತು ನೀಲಕ್ಕ. ರಾತ್ರಿ ಕಿಟಕಿ ಕೆಳಗ ಕೇಳೇನಿ. ಊರಾಗ ಐತಿ."

"ಊರಾಗ ಇದ್ರ ಏನ್ ಬಂತು, ನನ್ನ ಗಂಟಲದಾಗ ಇಲ್ಲಲ್ಲ. ಮುಂಜಾನಿಂದ ಬಾಯಿ ತಗದ್ರ ಬರೇ ಆಕಳಿಕಿ ಬರಾಕ್ಹತ್ತೇತಿ."

ಮಾಲಕರು ಒಳಗಿಂದ ಬಂದರು. ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಮುಚ್ಚಿದರು.

"ನೋಡವ್ವಾ, ಸಂಜೀತನಾ ತಡೀತೀನಿ. ಬರಲಿಲ್ಲಂದ್ರ ಪೆನ್‌ಡ್ರೈವ್. ಇವತ್ತ ಹಾಕಿದ್ರ ನಾಳಿನೂ ಅದ, ನಾಡದ್ದೂ ಅದ. ದಿನಾ ಮನಿಮನಿ ತಿರುಗಿ ಹಾಡ ಬೇಡಿಕೊಂಡು ಬರೂದು ನನಗ ಸಾಕಾಗೇತಿ."

"ತಿರುಗವ್ರು ನಾವ್ರಿ ಮಾಲಕರ, ನಿಮಗ್ಯಾಕ ಕಾಲ್ ನೋವು?" ಎಂದಳು ನೀಲಗಂಗಾ.

ಮಾಲಕರು ನಗಲಿಲ್ಲ. ಬಾಗಿಲ ಪಕ್ಕ ಹಾರ್ಮೋನಿಯಂ ಮುಂದೆ ಕೂತಿದ್ದ ವಿರೂಪಾಕ್ಷ ಮಾಸ್ತರರನ್ನು ಒಮ್ಮೆ ನೋಡಿ ಒಳಗೆ ಹೋದರು. ದೀಪದ ಹಾಡು ಕಟ್ಟಿದವರು ಮಾಸ್ತರರೇ. ಪೆನ್‌ಡ್ರೈವ್ ಬಂದರೆ ಹಾರ್ಮೋನಿಯಂ ಬೇಕಾಗುವುದಿಲ್ಲ. ಮಾಸ್ತರರು ಏನೂ ಕೇಳಿಸಿಕೊಳ್ಳದವರಂತೆ ಒಂದೇ ಸ್ವರ ಒತ್ತಿ ಹಿಡಿದಿದ್ದರು. ದೀಪದ ಹಾಡಿನ ಮೊದಲ ಸ್ವರ ಇರಬೇಕು. ಮುಂದಿನದು ಅವರಿಗೂ ಗೊತ್ತಿರಲಿಲ್ಲ.

ನನಗೆ ಒಬ್ಬನ ಮೇಲೆ ಖಾತ್ರಿಯಿತ್ತು. ನಡುವಿನ ಸಾಲಿನಲ್ಲಿ ಕೂತಿದ್ದ ಲಾರಿ ಡ್ರೈವರ್. ದೀಪದ ಹಾಡಿನ ಎರಡನೇ ಚರಣದಲ್ಲಿ ಅವನ ಪಾದ ನಿಂತಿತ್ತು. ಊರ ಹೊರಗಿನ ಲಾರಿ ಅಡ್ಡೆಗೆ ನಾನೂ ನೀಲಗಂಗಾಳೂ ಬಿಸಿಲಲ್ಲಿ ನಡೆದೆವು. ದಾರಿಯುದ್ದಕ್ಕೂ ನಾನು, ಅವನು ಹೊರಟುಹೋಗಿದ್ದರೆ ಏನು ಮಾಡುವುದು ಎಂದು ಲೆಕ್ಕ ಹಾಕುತ್ತಿದ್ದೆ. ಅವನು ಲಾರಿಯ ನೆರಳಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಹೆಸರು ದಾವಲಸಾಬ.

"ಹಾಡಾ? ನನ್ಹತ್ರ ಎಲ್ಲಿದ್ರಿ ಯಕ್ಕಾ? ನಾ ಮಕ್ಕೊಂಡಿದ್ದೆ."

"ನನ್ನ ಹಾಡ ಕೇಳ್ತ ಮಕ್ಕೊಂಡ್ಯಾ?" ನೀಲಗಂಗಾ ಸೊಂಟದ ಮೇಲೆ ಕೈಯಿಟ್ಟಳು. "ರೊಕ್ಕಾ ಕೊಟ್ಟು ಒಳಗ ಬಂದು ನಿದ್ದಿ ಮಾಡವನ್ನ ಇವತ್ತ ನೋಡಿದ್ನಿ ನಾ."

"ಅತ್ತಿದ್ರ ಬೈತಿದ್ದಿಲ್ಲ, ನಿದ್ದಿ ಬಂದ್ರ ಬೈತೀರಲ್ಲ! ಗಾಡಿ ಹೊಡದು ಹೊಡದು ಕಣ್ಣಾಗ ಉಸುಕು ಬಿದ್ದಂಗ ಆಗಿತ್ರಿ. ಎಲ್ಲಿ ಹೊರಳಿದ್ರೂ ನಿದ್ದಿ ಇಲ್ಲ. ನೀವು ಸುರು ಮಾಡಿದ್ರಿ ನೋಡ್ರಿ, ನಮ್ಮವ್ವ ತಲಿ ಮ್ಯಾಲ ಕೈ ಇಟ್ಟಂಗಾತು. ಮುಗದದ್ದ ಗೊತ್ತಿಲ್ಲ."

ನೀಲಗಂಗಾ ಸೊಂಟದ ಮೇಲಿನ ಕೈ ಇಳಿಸಿದಳು. ಅವನು ಕೊಟ್ಟ ರೊಟ್ಟಿಯ ಚೂರನ್ನು ತಿಂದು, ತಿರುಗಿ ಬರುವಾಗ ಮಾತ್ರ ಹೇಳಿದಳು: "ಏನರೆ ಅನ್ರಿ, ಭಾಡ್ಯಾ ಚಲೋ ಹೇಳಿದ." ನನಗೆ ಆ ಸಮಾಧಾನವೂ ಇರಲಿಲ್ಲ. ಇಷ್ಟು ವರ್ಷ ಕಾಲು ನೋಡಿ ಹಾಡು ಹುಡುಕಿದವಳು, ನಿದ್ದೆ ಹೋದ ಕಾಲನ್ನು ಹಾಡು ಇಳಿದ ಕಾಲು ಎಂದುಕೊಂಡಿದ್ದೆ. ಹೀಗೆ ಇನ್ನೆಷ್ಟು ಸಲ ತಪ್ಪಿದ್ದೇನೋ.

ರಾತ್ರಿ ಚಪ್ಪಲಿ ಸಪ್ಪಳ ಹಳೇ ಪೇಟೆಯ ಕಡೆ ಹೋದದ್ದು ನೆನಪಾಗಿ ಆ ದಾರಿ ಹಿಡಿದೆವು. ಬಾಗಿಲಲ್ಲಿ ಕೂತವರನ್ನೆಲ್ಲ ಕೇಳುತ್ತ ಬಂದೆವು. ಒಬ್ಬರೂ ಹೌದೆನ್ನಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ನೆರಳಿತ್ತು. ಹೆಂಗಸರು ಡಬ್ಬಿ ಸಾಲಾಗಿಟ್ಟು ಕೂತಿದ್ದರು. ಗಿರಣಿಯ ಸದ್ದಿಗೆ ನೆಲವೇ ಅದುರುತ್ತಿತ್ತು. ಕುಡಿಯಲು ನೀರು ಕೇಳೋಣವೆಂದು ಒಳಗೆ ಇಣುಕಿದೆ.

ಗಿರಣಿ ನಡೆಸುವವಳು ಬಾಳವ್ವ. ನಮ್ಮ ಪ್ರತಿ ಆಟಕ್ಕೂ ಮುಂದಿನ ಸಾಲಿನಲ್ಲಿ ಕೂಡುವವಳು. ಗಂಡ ಹೋದ ಮೇಲೆ ಗಿರಣಿಯೂ ಅವಳದೇ, ಸಂಜೆಯೂ ಅವಳದೇ. ಇಷ್ಟು ವರ್ಷ ಬಂದರೂ ಅವಳಿಗೆ ಒಂದು ಹಾಡೂ ಹೋಗಿರಲಿಲ್ಲ. 'ಬಾಳವ್ವನ ಕಿವ್ಯಾಗ ಹಿಟ್ಟ ತುಂಬೇತಿ, ಹಾಡಿಗೆ ಜಾಗಾ ಎಲ್ಲೈತಿ' ಎಂದು ಊರವರು ಚಾಷ್ಟಿ ಮಾಡುತ್ತಿದ್ದರು. ನಾನು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳ ಪಾದ ಎಂದೂ ತಾಳ ಹಾಕುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲನ್ನು ರಂಗದ ಹಲಗೆಗೆ ಒತ್ತಿ, ನೀಲಗಂಗಾಳ ಬಾಯನ್ನೇ ನೋಡುತ್ತ ಕೂತಿರುತ್ತಿದ್ದಳು. ಕಾಲು ತೆಗಿ ಎಂದು ಒಮ್ಮೆ ಕೈಸನ್ನೆ ಮಾಡಿಸಿದ್ದೂ ಇದೆ.

ಈಗ ಅವಳು ನಮಗೆ ಬೆನ್ನು ಮಾಡಿ, ಬೀಳುತ್ತಿದ್ದ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುತ್ತಿದ್ದಳು. ಪಕ್ಕಕ್ಕೆ ಹೊರಳಿದಾಗ ಅವಳ ಗಂಟಲು ಕಂಡಿತು. ಅದು ಏರಿಳಿಯುತ್ತಿತ್ತು. ತುಟಿ ಅಲುಗುತ್ತಿತ್ತು. ಅಷ್ಟು ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ನಾನು ನೀಲಗಂಗಾಳ ತೋಳು ಹಿಡಿದೆ.

ಆಗಲೇ ಕರೆಂಟು ಹೋಯಿತು. ಯಂತ್ರದ ಪಟ್ಟಾ ಉಸಿರು ಬಿಟ್ಟಂತೆ ಸದ್ದು ಮಾಡಿ ನಿಂತಿತು. ಗಿರಣಿ ನಿಂತಿತು. ಬಾಳವ್ವ ನಿಲ್ಲಲಿಲ್ಲ.

ಅವಳು ದೀಪದ ಹಾಡನ್ನು ಹಾಡುತ್ತಿದ್ದಳು. ತಗ್ಗಿದ ದನಿಯಲ್ಲಿ ಅಲ್ಲ. ಗಿರಣಿಯ ಸದ್ದಿನೊಳಗೆ ಹಾಡುವವರು ಎಷ್ಟು ಎತ್ತರಿಸಬೇಕೋ ಅಷ್ಟು ಎತ್ತರಿಸಿ. ಎಣ್ಣೆ ಸಾಲದ ದೀಪಕ್ಕೆ ರಾತ್ರಿ ಇನ್ನೆಷ್ಟು ಉಳಿಯಿತೆಂದು ಕೇಳುವ ಆ ಸಾಲನ್ನು ಎಳೆದು, ಮೇಲೆ ಒಯ್ದು, ಅಲ್ಲಿಂದ ಮೆಲ್ಲಗೆ ಇಳಿಸಿದಳು. ಸಾಲಿನಲ್ಲಿ ಕೂತ ಹೆಂಗಸರ ಮಾತು ನಿಂತಿತು. ಹೊರಗೆ ಸೈಕಲ್ ಒಂದು ನಿಂತ ಸದ್ದಾಯಿತು. ಬಾಳವ್ವ ಮಾತ್ರ ಯಾವುದನ್ನೂ ಅರಿಯದೆ, ಇನ್ನೂ ಹಿಟ್ಟು ಬೀಳುತ್ತಿದೆ ಎಂಬಂತೆ ಕೈಯೊಡ್ಡಿಕೊಂಡು ಹಾಡುತ್ತಿದ್ದಳು.

"ಆಕಿಗೆ ಕೇಳಂಗಿಲ್ರಿ," ಎಂದಳು ನನ್ನ ಕಾಲ ಬಳಿ ಕೂತ ಮುದುಕಿ, ಪಿಸುಮಾತಿನಲ್ಲಿ. "ಗಿರಣಿ ತಿಂದು ಹಾಕೇತಿ ಕಿವಿ. ಬಾಯಿ ನೋಡಿ ಮಾತಾಡ್ತಾಳ. ನಿಮಗ ಗೊತ್ತಿದ್ದಿಲ್ಲೇನು?"

ಗೊತ್ತಿರಲಿಲ್ಲ. ನೋಡುವುದೇ ಕೆಲಸವಾದ ನನಗೆ ಗೊತ್ತಿರಲಿಲ್ಲ. ತಬಲಾ ಎಲ್ಲಿದೆಯೆಂದು ಅವಳು ಕಾಲಿನಿಂದ ಹುಡುಕುತ್ತಿದ್ದಳು. ಹಾಡು ಎಲ್ಲಿದೆಯೆಂದು ಕಣ್ಣಿನಿಂದ. ನಿನ್ನೆ ರಾತ್ರಿ ಅದು ಒಳಗೇ ಬಂದಿತ್ತು. ಒಳಗಿನದನ್ನು ಕೇಳಲು ಕಿವಿ ಬೇಕಿರಲಿಲ್ಲ.

ನೀಲಗಂಗಾಳ ಮುಖ ನೋಡಿದೆ. ಕೋಪ ಬಂದಿರಬಹುದು ಎಂದುಕೊಂಡಿದ್ದೆ. ಅವಳು ಬಾಯಿ ಸ್ವಲ್ಪ ತೆರೆದು ನಿಂತಿದ್ದಳು.

"ಅಲ್ಲಿ ಉಸರು ತಗೋಬಾರದಿತ್ತು," ಎಂದಳು ಮೆಲ್ಲಗೆ. "ಮಾಸ್ತರು ಬಡ್ಕೊಂಡ್ರು ನನಗ. ನನ್ನ ತಪ್ಪು ಸುದ್ದಾ ಹಂಗ ಹಾಡಾಕ್ಹತ್ಯಾಳ ನೋಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟ ಚಲೋ ಐತೇನ್ರಿ ಇದು?"

"ದಿನಾ ಹಾಡ್ತೀಯಲ್ಲ ನೀಲಕ್ಕ."

"ಹಾಡುವಾಗ ಎಲ್ಲಿ ಕೇಳ್ತೈತಿ ಬಾಯಾರ? ಹಾಡುವಾಗ ಬರೇ ಅಂಜಿಕಿ."

ಹಾಡು ಮುಗಿಯಿತು. ನಾನು ಮುಂದೆ ಹೋದೆ. ಏನು ಯೋಚಿಸಿ ಹೋದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಸಂಜೆಯ ಆಟ ಕಣ್ಣ ಮುಂದಿತ್ತು. ಒಂದೇ ಸ್ವರ ಒತ್ತಿ ಹಿಡಿದು ಕೂತ ಮಾಸ್ತರರಿದ್ದರು. ಕೇಳಿದರೆ ಸಾಕಾಗಿತ್ತು. ಬಾಳವ್ವ ತಿರುಗಿದಳು, ನನ್ನನ್ನು ನೋಡಿದಳು, ನನ್ನ ಹಿಂದೆ ನೀಲಗಂಗಾಳನ್ನು ನೋಡಿದಳು, ನಿಂತ ಗಿರಣಿಯನ್ನೂ ಸುಮ್ಮನೆ ಕೂತ ಹೆಂಗಸರನ್ನೂ ನೋಡಿದಳು. ಅವಳಿಗೆ ತಿಳಿಯಿತು. ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಗಿರಣಿಯ ಕಟ್ಟೆಯಿಂದ ಇಳಿಯತೊಡಗಿದಳು.

"ಬರಾವಿದ್ನಿರೀ ಬಾಯಾರ," ಎಂದಳು, ಕೇಳದವರ ದೊಡ್ಡ ದನಿಯಲ್ಲಿ. "ಖರೇನ ಬರಾವಿದ್ನಿ. ಇವರ ಡಬ್ಬಿ ಮುಗಿಸಿ ಬರೂಣಂತ... ಒಂದ ಡಬ್ಬಿ, ಇನ್ನೊಂದ ಡಬ್ಬಿ ಅಂತ ತಡಾ ಆತು. ತಪ್ಪಾತ್ರಿ. ಎಲ್ಲಿ ಕುಂತು ಹೇಳ್ಲಿ, ಇಲ್ಲೇ ಕುಂದರ್ಲೋ, ಬೆಂಚಿಗೆ ಬರ್ಲೋ?"

ನೀಲಗಂಗಾ ನನ್ನನ್ನು ಪಕ್ಕಕ್ಕೆ ಸರಿಸಿ, ತನ್ನ ತುಟಿ ಬಾಳವ್ವನಿಗೆ ಕಾಣುವಂತೆ ಬೆಳಕಿಗೆ ನಿಂತಳು.

"ಏನ್ ಹೇಳ್ತಿ? ನಾವು ಹಿಟ್ಟ ಬೀಸಾಕ ಬಂದೀವಿ."

ಬಾಳವ್ವ ನಮ್ಮ ಬರಿಗೈ ನೋಡಿದಳು. ನಾನೂ ನೋಡಿಕೊಂಡೆ. ಆಗ ನನ್ನ ಕಾಲ ಬಳಿಯ ಮುದುಕಿ ಎದ್ದು, ತನ್ನ ಡಬ್ಬಿಯನ್ನು ನೀಲಗಂಗಾಳ ಕೈಗೆ ಕೊಟ್ಟು ಮತ್ತೆ ಕೂತಳು. ಸಾಲಿನಲ್ಲಿದ್ದ ಒಬ್ಬರೂ ಮುಖ ಎತ್ತಲಿಲ್ಲ.

"ಜ್ವಾಳೇನು?" ಎಂದಳು ಬಾಳವ್ವ, ಡಬ್ಬಿಗೆ ಕೈಯೊಡ್ಡುತ್ತ.

"ಜ್ವಾಳ. ಸಣ್ಣಗ ಬೀಸವಾ. ರೊಟ್ಟಿ ಹರೀಬಾರದು."

"ನನ್ನ ಗಿರಣ್ಯಾಗ ಬೀಸಿದ್ದು ಹರಿಯಂಗಿಲ್ಲ." ಅವಳ ಕಣ್ಣು ನೀಲಗಂಗಾಳ ಬಾಯಿಯ ಮೇಲೇ ಇತ್ತು. ಇನ್ನೇನಾದರೂ ಬರುತ್ತದೆಂದು ಕಾಯುತ್ತಿತ್ತು. ಏನೂ ಬರಲಿಲ್ಲ. ಕರೆಂಟು ಬಂತು. ನೆಲ ಅದುರಿತು. ಬಾಳವ್ವ ಕಟ್ಟೆ ಹತ್ತಿ ಜೋಳ ಸುರಿದಳು. ಅವಳ ತುಟಿ ಮುಚ್ಚಿಯೇ ಇತ್ತು. ನಾವು ಹೊರಗೆ ಬಂದು, ಹೊಸ್ತಿಲ ಆಚೆಯಿಂದ ಮತ್ತೊಮ್ಮೆ ನೋಡಿದಾಗ ಅಲುಗುತ್ತಿತ್ತು.

ಇಬ್ಬರಿಗೂ ಹಾಡು ಇನ್ನೂ ಕಿವಿಯಲ್ಲಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಹತ್ತಿರ ಒಂದು ಹಾಡು ನನ್ನ ಬಳಿ ಬಂದದ್ದು ಅದೇ ಮೊದಲು. ಪರದೆಯ ಹಿಂದೆ ಹಾಡು ಬೆನ್ನು ಮಾಡಿಕೊಂಡು ಹೋಗುತ್ತದೆ, ಬೆಂಚಿನ ಮೇಲೆ ನಟಿಯ ಕಡೆಗೇ ಹೋಗುತ್ತದೆ, ನಮ್ಮ ಕಡೆ ಮುಖ ಮಾಡುವುದಿಲ್ಲ. ಬೀದಿಯ ತಿರುವು ಹತ್ತಿರವಾದಂತೆ ನಮ್ಮ ನಡಿಗೆ ನಿಧಾನವಾಯಿತು. ಮೂಲೆಯ ಕಿರಾಣಿ ಅಂಗಡಿಯ ಮುಂದೆ ನಿಂತೆವು. ಅಂಗಡಿಯವನು ಏನು ಬೇಕು ಎಂದ. ಏನೂ ಬೇಡ ಎಂದೆ.

"ದಾಟೂಣೇನ್ರಿ?" ಎಂದಳು ನೀಲಗಂಗಾ.

"ತಡಿ ನೀಲಕ್ಕ. ಇನ್ನೊಂದ ಸ್ವಲ್ಪ."

ಬಿಸಿಲಲ್ಲಿ ನಿಂತೆವು. ಎರಡನೇ ಚರಣದ ಆ ಏರು ನನ್ನೊಳಗೆ ಮತ್ತೆ ಮತ್ತೆ ಬರುತ್ತಿತ್ತು, ನೀಲಗಂಗಾ ತಪ್ಪು ಉಸಿರು ತೆಗೆದುಕೊಳ್ಳುವ ಜಾಗದ ಸಮೇತ. ಅವಳು ಕಣ್ಣು ಮುಚ್ಚಿದ್ದಳು. ಆಮೇಲೆ ಒಂದು ಎಮ್ಮೆ ಬಂದು ನಮ್ಮನ್ನು ದಾರಿಯಿಂದ ಸರಿಸಿತು. ಸರಿದೆವು. ತಿರುವು ದಾಟಿಬಿಟ್ಟೆವು. ಮಾತು ಉಳಿಯಿತು, ಇನ್ನೇನೂ ಉಳಿಯಲಿಲ್ಲ.

"ಹೋತು," ಎಂದಳು ನೀಲಗಂಗಾ. ಸೆರಗಿನಿಂದ ಮುಖ ಒರೆಸಿಕೊಂಡಳು. "ಲಾರ್‍ಯಾಂವ ಒಯ್ದ ಅಂತ ಹೇಳ್ತೀನಿ ಮಾಲಕರಿಗೆ. ಒಯ್ಯಲಿ ಪಾಪ, ದಾರಿ ದೂರ ಐತಿ ಅವಂಗ."

ಸಂಜೆ ಪೆನ್‌ಡ್ರೈವ್ ಎಲ್ಲ ಹಾಡನ್ನೂ ಹಾಡಿತು. ತಪ್ಪಿಲ್ಲದ ದನಿ, ಉಸಿರು ಎಲ್ಲಿ ತೆಗೆದುಕೊಂಡಿತೆಂದೇ ತಿಳಿಯಲಿಲ್ಲ. ನೀಲಗಂಗಾ ದೀಪ ಹಿಡಿದು ತುಟಿ ಅಲುಗಿಸಿದಳು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ದಿನಕ್ಕಿಂತ ಕಡಿಮೆಯೇನಲ್ಲ. ತೂತಿನಿಂದ ನೋಡಿದೆ. ಬಾಳವ್ವ ಮುಂದಿನ ಸಾಲಿನಲ್ಲಿ ನೀಲಗಂಗಾಳ ಬಾಯಿ ನೋಡುತ್ತಿದ್ದಳು. ಸ್ಪೀಕರಿನ ಹಾಡು ಅವಳಿಗೆ ಕೇಳುತ್ತಿರಲಿಲ್ಲ. ಇಡೀ ಥಿಯೇಟರಿನಲ್ಲಿ ದೀಪದ ಹಾಡು ಕೇಳುತ್ತಿದ್ದವಳು ಅವಳೊಬ್ಬಳೇ. ನಾನು ತೂತಿನಿಂದ ಕಣ್ಣು ತೆಗೆದೆ.

ಮರುದಿನ ಉಪ್ಪಿಟ್ಟು ಮಾಡಿಸಲಿಲ್ಲ. ಬೆಂಚನ್ನು ಮಾಲಕರೇ ನಿಂತು ಒಳಗೆ ಹಾಕಿಸಿದರು. ಹಾಕಿಸಿದ ಮೇಲೆ ತಾವೇ ಸ್ವಲ್ಪ ಹೊತ್ತು ಅದರ ಮೇಲೆ ಕೂತಿದ್ದರು.

ವಿರೂಪಾಕ್ಷ ಮಾಸ್ತರರು ಹಾರ್ಮೋನಿಯಂ ಅನ್ನು ಹಳೆಯ ಪಂಚೆಯಲ್ಲಿ ಸುತ್ತಿ ಗಂಟು ಹಾಕುತ್ತಿದ್ದರು. ಭಜನಾ ಮಂಡಳಿಯವರು ಕರೆದಿದ್ದಾರಂತೆ. ಗಂಟು ಬಿಗಿಯಾಗಲಿಲ್ಲ. ನಾನು ಒಂದು ತುದಿ ಹಿಡಿದುಕೊಂಡೆ.

"ತಂಗೀ, ಒಂದ ಮಾತ ಕೇಳ್ತೀನಿ. ನೀಲಾ ಸುಳ್ಳ ಹೇಳಿದ್ಲು, ಹೌದಲ್ಲ? ಆಕಿ ಸುಳ್ಳ ಹೇಳುವಾಗ ಕಿವಿ ಮುಟ್ಕೋತಾಳ. ಹಾಡ ಊರಾಗ ಐತಿ."

ನಾನು ಗಂಟನ್ನೇ ನೋಡಿದೆ.

"ನನಗ ಅದು ಬ್ಯಾಡ. ಕಟ್ಟಿ ಕೊಟ್ಟದ್ದು ಕೊಟ್ಟಂಗ. ಒಂದ ಸಲ ಆಚಿ ನಿಂತು ಕೇಳ್ತೀನಿ ಅಷ್ಟ. ಹಾಡ ಕಟ್ಟಿದಾಗಿಂದ ಈ ಹಾರ್ಮೋನಿಯಂ ಪೇಟಿ ಹಿಂದ ಕುಂತೇನಿ, ಎದುರಿಗೆ ನಿಂತು ಒಮ್ಮೆನೂ ಕೇಳಿಲ್ಲ. ಯಾರ ಮನಿ ಅಂತ ಹೇಳು, ಬಾಗಲಾ ಸುದ್ದಾ ತಟ್ಟಂಗಿಲ್ಲ."

ಅವರು ತಟ್ಟುವವರಲ್ಲ ಎಂದು ನನಗೆ ಗೊತ್ತು. ಗಿರಣಿಯ ಹೊರಗೆ ಮರ್ಯಾದೆಯಿಂದ ನಿಲ್ಲುತ್ತಾರೆ. ಆದರೆ ಹಾಡು ಕಟ್ಟಿದವರು ಬಾಗಿಲಲ್ಲಿ ನಿಂತದ್ದನ್ನು ಬಾಳವ್ವ ನೋಡುತ್ತಾಳೆ. ಒಂದು ಮಾತೂ ಕೇಳಿಸದೆಯೇ, ಯಾರೂ ಒಪ್ಪಿಸು ಎನ್ನದೆಯೇ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಟ್ಟೆಯಿಂದ ಇಳಿಯುತ್ತಾಳೆ. ಆಗ ಅವಳ ಮುಖ ಹೇಗಿರುತ್ತದೆಂದು ನಾನು ಒಮ್ಮೆ ನೋಡಿದ್ದೇನೆ. ಗಂಟಿನಿಂದ ಕಣ್ಣೆತ್ತಿದಾಗ ಮಾಸ್ತರರ ಮುಖ ಎದುರಿಗೇ ಇತ್ತು.

"ಗೊತ್ತಿಲ್ರಿ ಮಾಸ್ತರ," ಎಂದೆ.

ಅವರು ಗಂಟನ್ನು ಇನ್ನೊಮ್ಮೆ ಬಿಗಿದರು. ಆಮೇಲೆ ಹಾರ್ಮೋನಿಯಂ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಇವರೊಬ್ಬರಿಗೆ ಹೇಳಿದರೆ ಏನಾಗುತ್ತದೆ ಎಂದು ಒಂದು ಮನಸ್ಸು ಅವರ ಹಿಂದೆಯೇ ಬೀದಿಯವರೆಗೂ ಹೋಗಿ ಬಂತು. ಇವರಿಗೇ ಹೇಳಲಿಲ್ಲ ಎಂದ ಮೇಲೆ ಇನ್ನು ಯಾರಿಗೂ ಹೇಳಬಾರದು ಎಂದುಕೊಂಡೆ.